ಸಂಗಪ್ಪ ದೋಣಿ ಬಿಡೂ ಮುಂದ ಕೇಳೂ ಮಾತು

ಹಮ್ಮಿಗಿ
11 ನವೆಂಬರ್ 2024, ಸೋಮವಾರ

ಬೆಟಗೇರ್ಯಾಗಿರೂ ಮೊಮ್ಮಗಳು ನೇತ್ರಾಗ ಆಯಿ ಗದಿಗೆವ್ವನ ಆಶೀರ್ವಾದ.

ಇಲ್ಲೆ ಎಲ್ಲಾರೂ ಕ್ಷೇಮ ಅಂತ ಮೊದಲು ಬರೀಬೇಕಂತ ಸಾಲ್ಯಾಗ ಕಲಿಸಿದ್ರು. ಮೂರನೇತ್ತಾ ತನಕ ಕಲತಾಕಿ ನಾ, ಅಷ್ಟು ನೆನಪೈತಿ. ಆದ್ರ ನಿನ್ನ ಕಾಗದ ಓದಿದ ಮ್ಯಾಲ ಕ್ಷೇಮ ಎಲ್ಲೆ ಉಳೀತು? ರೊಟ್ಟಿ ಬಡಿಯೂದು ಬಿಟ್ಟು ಓದಕೋತ ಕುಂತೆ, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಕಪ್ಪಾತು. ಸೊಸಿ ಮಮತಾ ಓಡಿ ಬಂದು, "ಏನಾತ್ರೀ ಅತ್ತಿ, ಯಾರರ ತೀರಿಕೊಂಡ್ರೇನು?" ಅಂತ ಕೈಮಾಡಿ ಕೇಳಿದ್ಲು. ಯಾರೂ ತೀರಿಲ್ಲವಾ, ನನ್ನ ಮೊಮ್ಮಗಳು ಒಂದು ದಂಡು ಹೆಂಗಸರನ್ನ ಸೈಕಲ್ ಮ್ಯಾಲ ಕುಂಡ್ರಿಸಿಕೊಂಡು ಹೊಳಿ ನೋಡಾಕ ಬರತಾಳಂತ ಅಂದೆ. ಆಕಿನೂ ಬಾಯಿ ತಕ್ಕೊಂಡು ನಿಂತ್ಲು.

ನೀ ಬರದಿದ್ದು ಇಷ್ಟು. ಮುಂಜಾನೆ ನಮ್ಮ ಮನಿಯಿಂದ ಹೊಳಿದಂಡಿ ಹಿಡದು ದೋಣಿ ನಿಲ್ಲೂ ಜಾಗದತನಕ ಸೈಕಲ್ಲು. ಅಲ್ಲಿಂದ ಸೈಕಲ್ ಸಮೇತ ದೋಣ್ಯಾಗ ಆಚಿ ದಂಡಿ. ಆಚಿ ದಂಡಿ ಹಿಡದು ಕೆಳಗ ಬಂದು, ಬ್ಯಾರೇಜಿನ ಮ್ಯಾಲ ಹೊಳಿ ದಾಟಿ, ಮತ್ತ ನಮ್ಮ ಮನಿ. ಅಲ್ಲಲೇ ಮೂಳಿ, ಎಲ್ಲಿಂದ ಹೊಂಟಿರೋ ಅಲ್ಲಿಗೇ ಬರಾಕ ಅಷ್ಟು ದೂರ ಯಾಕ ಹೋಗಬೇಕು? ಗಾಣದ ಎತ್ತು ಹಂಗ ತಿರಗತೈತಿ, ಅದಕ್ಕ ಎಣ್ಣಿಯರ ಬರತೈತಿ. ನಿಮಗೇನು ಬರತೈತಿ?

"ಏರಿಲ್ಲ, ಇಳುಕಲಿಲ್ಲ, ಭಾಳ ಹಗುರ ಐತಿ, ಆಯಿ ನೀನೂ ಹೊಡೀಬಹುದು" ಅಂತ ಬರದಿ. ಹೊಡೀತೀನಿ, ನಿನ್ನ ಬೆನ್ನಿಗೆ.

ಬರ್ರಿ. ಬರಬ್ಯಾಡ ಅಂದ್ರ ಕೇಳೂ ಪೈಕಿ ಅಲ್ಲ ನೀ. ನಿಮ್ಮವ್ವ ಹೋದ ಮ್ಯಾಲ ನಾನ ನಿನ್ನ ಸಾಕಿದಾಕಿ, ನನಗ ಗೊತ್ತಿಲ್ಲೇನು. ಮುಂಜಾನೆ ಅವಲಕ್ಕಿ ಮಾಡಿರತೀವಿ, ಸುತ್ತು ಹಾಕಿ ಬಂದ ಮ್ಯಾಲ ರೊಟ್ಟಿ, ಎಣಗಾಯಿ ಪಲ್ಯ. ನಿನ್ನ ಗೆಳತ್ಯಾರಿಗೆ ಖಾರ ನಡೀತೈತೋ ಇಲ್ಲೋ ಬರಿ.

ಇನ್ನೊಂದು ಮಾತು. ದೋಣಿ ಸಂಗಪ್ಪಂದು. ಬೈಕು, ಎಮ್ಮಿಕರು, ಗೊಬ್ಬರದ ಚೀಲ ಎಲ್ಲಾ ದಾಟಸ್ತಾನ, ಸೈಕಲ್ಲಿಗೆ ಒಲ್ಲೆ ಅನ್ನೂದಿಲ್ಲ. ಆದ್ರ ಹೆಂಗಸರು ಕುಂತಿದ್ರ ದೋಣಿ ಬಿಡೂ ಮುಂದ ಒಂದು ಮಾತು ಕೇಳತಾನ: "ಬಸರಿ ಹೆಂಗಸರು ಯಾರರ ಅದೀರೇನವಾ?" ಅವರಪ್ಪನೂ ಕೇಳತಿದ್ದ, ಅವರ ಮುತ್ಯಾನೂ ಕೇಳತಿದ್ದ. ಬಸರಿ ಹೊಳಿ ದಾಟಬಾರದು, ಇದು ಇಲ್ಲಿ ಪದ್ಧತಿ. ಅಂಥಾಕಿ ಇದ್ರ ಬಾಯಿ ತೆರೀಲಾರದ ಸುಮ್ಮನ ಇಳದು ಹೋಗತಾಳ. ಉಳದವರು "ಇಲ್ಲ" ಅಂತಾರ, ದೋಣಿ ಬಿಡತಾನ. ನಿಮ್ಮ ಮಾವ ಅಂದಪ್ಪ ಹೊಟ್ಟ್ಯಾಗಿದ್ದಾಗ ನಾನೂ ಹಂಗ ಇಳದಾಕಿ. ನನ್ನ ತವರುಮನಿ ಆಚಿ ದಂಡಿ. ನಮ್ಮವ್ವ ಸಂಜಿಕ ಆಚಿ ದಂಡಿಗೆ ಬಂದು ನಿಂತು ಮಜ್ಜಿಗಿ ತಂಬಿಗಿ ಎತ್ತಿ ತೋರಸತಿದ್ಲು. ತಂಬಿಗಿ ದೋಣ್ಯಾಗ ಬರತಿತ್ತು, ನಾ ಹೋಗಂಗಿರಲಿಲ್ಲ. ನಿನ್ನ ಗೆಳತ್ಯಾರಿಗೆ ಮೊದಲ ಹೇಳಿಡು. ಶಹರದವರು, "ಇದೇನು ಮಾನಗೇಡಿ ಮಾತು ಕೇಳತಾನ" ಅಂತ ಸಂಗಪ್ಪನ ಮ್ಯಾಲ ಏರಿ ಹೋಗಬಾರದು.

ಉತ್ತರ ಕಾಗದದಾಗ ಬರಿ. ಫೋನ್ ಮಾಡಬ್ಯಾಡ. ನನ್ನ ಕಿವಿ ಪೂರಾ ಹೋಗ್ಯಾವ. ನೀ ಹೇಳಿದ್ದನ್ನ ಅಂದಪ್ಪ ನನ್ನ ಕಿವ್ಯಾಗ ಒದರತಾನ, ನನಗ ಕೇಳಸೂದಿಲ್ಲ, ಓಣಿಗೆಲ್ಲ ಕೇಳಸತೈತಿ.

ಆಯಿ


ಬೆಟಗೇರಿ
16 ನವೆಂಬರ್ 2024, ಶನಿವಾರ

ಪ್ರೀತಿಯ ಆಯಿಗೆ ನೇತ್ರಾಳ ನಮಸ್ಕಾರ.

ನಿನ್ನ ಕಾಗದ ಪ್ರೆಸ್ಸಿನ್ಯಾಗ ಕುಂತು ಓದಿದೆ. ಗಾಣದ ಎತ್ತಿನ ಮಾತಿಗೆ ಎಷ್ಟು ನಕ್ಕೆ ಅಂದ್ರ, ಎದುರಿಗಿದ್ದ ಲಗ್ನಪತ್ರಿಕ್ಯಾಗ ವರನ ಹೆಸರು ಎರಡು ಸಲ ಬಿತ್ತು.

24ನೇ ತಾರೀಖು ಐತವಾರ ಬರತೀವಿ. ಸೈಕಲ್ಲು ಟೆಂಪೋದಾಗ ಹಾಕ್ಕೊಂಡು ಹಮ್ಮಿಗಿತನಕ, ಅಲ್ಲಿಂದ ಸುತ್ತು. ಎಲ್ಲಾರೂ ನಮ್ಮಂಥಾ ಹೆಂಗಸರ ಆಯಿ. ಒಬ್ಬಾಕಿ ನರ್ಸು, ಒಬ್ಬಾಕಿ ಬ್ಲೌಸು ಹೊಲಿಯಾಕಿ, ಒಬ್ರು ರಿಟಾಯರ್ ಆದ ಟೀಚರ್, ತಲಿ ಪೂರಾ ಬೆಳ್ಳಗಾಗೇತಿ. ಖಾರ ಎಲ್ಲಾರಿಗೂ ನಡೀತೈತಿ. ಹಿನ್ನೀರಿನ ದಂಡಿಗುಂಟ ಸೈಕಲ್ ಹೊಡದ್ರ ತಂಪು ಗಾಳಿ ಬರತೈತಿ, ಆಚಿ ದಂಡ್ಯಾಗ ಸೂರ್ಯಕಾಂತಿ ಹೊಲ ಅದಾವ ಅಂತ ಹೇಳಿ ನಾನ ಎಲ್ಲಾರನ್ನೂ ಎಬ್ಬಿಸೇನಿ.

ಅತ್ತಿ ಗೊಣಗತಾರ. ಸೈಕಲ್ ಕಂಡ್ರ ಅವರಿಗೆ ಆಗೂದಿಲ್ಲ. "ಹೆಣ್ಣಮಕ್ಕಳ ಮೈ ಅಲುಗಬಾರದು" ಅಂತಾರ. ನಿನ್ನ ಅಳಿಯ ಶಿವಯೋಗಿ ಏನೂ ಅನ್ನೂದಿಲ್ಲ, ಮಗ್ಗದ ಕೆಲಸದಿಂದ ಬಂದು ನನ್ನ ಸೈಕಲ್ಲಿನ ಚೈನಿಗೆ ಎಣ್ಣಿ ಹಾಕಿ ಕೊಡತಾನ. ನಡುವ ಸ್ವಲ್ಪ ದಿನ ಆರಾಮಿರಲಿಲ್ಲ, ಸೈಕಲ್ ಮುಟ್ಟಿರಲಿಲ್ಲ. ಈಗ ಆರಾಮ ಅದೀನಿ. ಈ ಸುತ್ತು ಹಾಕಿದ್ರ ನಾ ಮೊದಲಿನಂಗ ಆಗತೀನಿ ಅನಸತೈತಿ. ಯಾಕೋ ಗೊತ್ತಿಲ್ಲ, ಅನಸತೈತಿ.

ಎಣಗಾಯಿಗೆ ಗುರಳಪುಡಿ ಜಾಸ್ತಿ ಹಾಕು.

ನಿನ್ನ ನೇತ್ರಾ


ಹಮ್ಮಿಗಿ
26 ನವೆಂಬರ್ 2024, ಮಂಗಳವಾರ

ಕಳ್ಳಿ ನೇತ್ರಾಗ ಆಯಿ ಮಾಡೂ ಆಶೀರ್ವಾದ. ಬೈಗಳ ಆಮ್ಯಾಲ ಅದಾವ.

ಮೊದಲ ಆ ಐತವಾರ ಮುಂಜಾನಿಂದು ಹೇಳತೀನಿ. ನಿಮ್ಮ ದಂಡು ಓಣ್ಯಾಗ ಬಂದಾಗ ನನ್ನ ಎದಿ ಧಸಕ್ಕಂತು. ತಲಿ ಮ್ಯಾಲ ಎಲ್ಲಾರದೂ ಕುಂಬಳಕಾಯಿ ಹೋಳು ಕವಚಿದಂಗ ಟೊಪ್ಪಿಗಿ. ಆ ಬೆಳ್ಳನ್ನ ತಲಿ ಟೀಚರಬಾಯಿ ಮೊಣಕಾಲತನಕ ಚಡ್ಡಿ ಹಾಕ್ಕೊಂಡು ನನ್ನ ಕಾಲಿಗೆ ಬಿದ್ದಾಗ, ಆಶೀರ್ವಾದ ಮಾಡಲೋ ಟಾವೆಲ್ ತಂದು ಕೊಡಲೋ ತಿಳೀಲಿಲ್ಲ. ಅಂದಪ್ಪ ಗೋಡಿ ಕಡೆ ಮಾರಿ ಮಾಡಿ ನಿಂತಿದ್ದ. ಆದ್ರ ಅವಲಕ್ಕಿ ಚಲೋ ತಿಂದ್ರು. ತಿನ್ನೂ ಮಂದಿ ಕೆಟ್ಟವರಿರೂದಿಲ್ಲ.

ಮಧ್ಯಾಹ್ನ ಎಲ್ಲಾರೂ ಬಂದ್ರು, ನೀ ಬರಲಿಲ್ಲ. ನಿನ್ನ ಸೈಕಲ್ ಬಂತು, ಟೀಚರಬಾಯಿ ಕೈಯಾಗ. ನೀ ಎಲ್ಲಿ ಅಂದ್ರ ಆಕಿ ತಲಿ ಮುಟ್ಟಿ ತೋರಿಸಿದ್ಲು, ತಲಿ ನೋವಂತ, ಮುಂಡರಗಿ ಬಸ್ಸಿಗೆ ಹ್ವಾದ್ಲಂತ. ಆಯಿ ಮನಿ ದಾಟಿ ಬಸ್ಸಿಗೆ ಹೋಗೂವಂಥಾ ಎಂಥಾ ತಲಿನೋವು? ನಾ ಸಿಟ್ಟಿಗೆದ್ದು, ನಿನ್ನ ಪಾಲಿನ ರೊಟ್ಟಿ ಎತ್ತಿಟ್ಟು, ಯಾರ ಕೂಡೂ ಮಾತಾಡಲಿಲ್ಲ.

ಸಂಜಿಕ ಸಂಗಪ್ಪ ಬಂದ. ಕಟ್ಟಿ ಮ್ಯಾಲ ಕುಂತು, ಎಲಿ ಅಡಿಕಿ ಹಾಕ್ಕೊಂಡು, ಹಲ್ಲು ಕಿಸದು, ಹೊಟ್ಟಿ ಮುಂದ ಕೈಲೆ ಹಿಂಗ ದುಂಡಗ ಮಾಡಿದ. ಏನೋ ಅಂದೆ. ನಿನ್ನ ಫೋಟೋ ಕಡೆ ಬಟ್ಟ ಮಾಡಿದ, ಮತ್ತ ಹೊಟ್ಟಿ ಮುಂದ ದುಂಡಗ ಮಾಡಿದ. ಅಂದಪ್ಪನ್ನ ಕರದು ಪಾಟಿ ಮ್ಯಾಲ ಬರಸಿದೆ. ದೋಣಿ ಬಿಡೂ ಮುಂದ ಅಂವ ಕೇಳಿದ್ನಂತ. ಎಲ್ಲಾರೂ ನಕ್ಕೋತ "ಇಲ್ಲ, ಇಲ್ಲ" ಅಂದ್ರಂತ. ನೀ ಒಬ್ಬಾಕಿ ಅನ್ನಲಿಲ್ಲಂತ. ಸೈಕಲ್ ದೋಣ್ಯಾಗ ಬಿಟ್ಟು, ಸುಮ್ಮನ ಇಳದು, ನೀರಾಗ ಕಾಲಿಟ್ಕೊಂಡು ದಂಡಿ ಏರಿ ಹ್ವಾದೆಂತ. ಹಿಂದ ತಿರಗಿ ಸೈತ ನೋಡಲಿಲ್ಲಂತ.

ಅಯ್ ನನ್ನ ಶಿವನ! ನಾ ಕುಂತಲ್ಲೇ ಕುಂತೆ. ಮಮತಾ ನೀರು ತಂದು ಕುಡಿಸಿದ್ಲು. ಲಗ್ನಾಗಿ ಐದನೇ ವರ್ಷಕ್ಕ ಈ ಖಬರ್, ಅದೂ ಅಂಬಿಗರವನ ಕೈ ಸನ್ನಿಲೆ ನನಗ ತಿಳೀಬೇಕೇನು? ಅದನ್ನ ಹೊಟ್ಟ್ಯಾಗಿಟ್ಕೊಂಡು ಸೈಕಲ್ ತುಳೀತಿಯಲ್ಲ, ನಿನ್ನ ಕಾಲು ಮುರೀಲಿ! (ಮುರಿಯೂದು ಬ್ಯಾಡ, ಬಾಯಿಗೆ ಬಂತು, ಬರದೆ.) "ಸ್ವಲ್ಪ ದಿನ ಆರಾಮಿರಲಿಲ್ಲ" ಅಂತ ಬರದಿದ್ದಿ. ಈ ಮುದುಕಿಗೆ ಆವಾಗ ತಿಳೀಲಿಲ್ಲ, ಈಗ ತಿಳೀತು. ಖಾರ, ಎಣಗಾಯಿ, ಬೆಳ್ಳನ್ನ ತಲಿ, ಎಲ್ಲಾದಕ್ಕೂ ಉತ್ತರ ಬರದಿ, ಸಂಗಪ್ಪನ ಮಾತಿಗೆ ಮಾತ್ರ ಬರೀಲಿಲ್ಲ. ಅದೂ ಈಗ ತಿಳೀತು.

ಬೈದದ್ದು ಮುಗೀತು. ಕೂಸ, ಪದ್ಧತಿ ಮರೀಲಿಲ್ಲ ನೀ. ಇಳದಿ. ನಾ ಇಳದಂಗ ಇಳದಿ. ಅದಕ್ಕ ನನ್ನ ಕಣ್ಣಾಗ ನೀರು ಬಂತು. ಯಾರಿಗೂ ಹೇಳೂದಿಲ್ಲ, ಐದು ತಿಂಗಳಾಗೂತನಕ ನನ್ನ ಬಾಯಿಗೆ ಬೀಗ. ನೀ ಸೈಕಲ್ಲಿಗೆ ಬೀಗ ಹಾಕು.

ಎಷ್ಟು ತಿಂಗಳು ಅಂತ ಜಲ್ದಿ ಬರಿ.

ಆಯಿ


ಹಮ್ಮಿಗಿ
8 ಡಿಸೆಂಬರ್ 2024, ಐತವಾರ

ನೇತ್ರಾ,

ಉತ್ತರ ಯಾಕಿಲ್ಲ? ಟಪಾಲಿನವ ನಮ್ಮ ಮನಿ ಮುಂದ ಬಂದ್ರ ಸೈಕಲ್ ಇಳಿಯೂದಿಲ್ಲ, ಕೈಯಾಡಿಸಿ ಹೋಗತಾನ. ವಾಂತಿ ಭಾಳ ಐತೇನು? ಹುಣಸಿ ತೊಕ್ಕು ಬಾಯಾಗಿಟ್ಕೊ.

ಒಂದು ತಪ್ಪಾಗೇತಿ. ತಪ್ಪು ಅಂದ್ರ ತಪ್ಪಲ್ಲ, ಖುಷಿ ಹೆಚ್ಚಾಗಿದ್ದು. ಬಳಿಗಾರ ಅಮೀನಬಿ ಬಂದಿದ್ಲು. ನಾ ಸುಮ್ಮನ ಹಸರು ಗಾಜಿನ ಬಳಿ ಆರಿಸಾಕ ಹತ್ತಿದೆ. ನಿನ್ನ ಅಳತಿ ನನಗ ಗೊತ್ತೈತಿ. ಆಕಿ ಹುಷಾರ್ ಹೆಂಗಸು, ನನ್ನ ಮಾರಿ ನೋಡಿ ಎರಡೂ ಕೈಲೆ ನನ್ನ ದೃಷ್ಟಿ ತಗದು ಲಟಿಕಿ ಮುರದ್ಲು. ನಾ ಏನೂ ಹೇಳಿಲ್ಲ, ಶಿವನಾಣಿ. ಆಕೀನ ತಿಳಕೊಂಡ್ಲು. ಆಮ್ಯಾಲ ಓಣಿ ತಿಳಕೊಂತು.

ಓಣಿಗೆ ಗೊತ್ತಾಗಿ ಬೀಗತಿಗೆ ಗೊತ್ತಿಲ್ಲಂದ್ರ ನಾಳೆ ಆಕಿ ನನ್ನ ಮಾರಿಗೆ ಉಗಳತಾಳ. ಅದಕ್ಕ ನಿನ್ನೆ ಬಸ್ಸಿನ ಕಂಡಕ್ಟರ್ ಮೌನೇಶನ ಕೈಯಾಗ ನಿಮ್ಮ ಅತ್ತಿ ಅಮೃತವ್ವಗ ಒಂದು ಚೀಲ ಕಳಿಸೇನಿ. ಬಳಿ ಇಲ್ಲೇ ಅದಾವ, ಬಸರಿಗೆ ಕುಬಸ ಮಾಡೂ ದಿನ ನಾನ ತರತೀನಿ. ಚೀಲದಾಗ ತೊಕ್ಕು, ಮಾದಲಿ ಅದಾವ. ಬಾಯಿಲೆ ಹೇಳು ಅಂತ ಮೌನೇಶಗ ಹೇಳೇನಿ: "ನಿಮ್ಮ ಸೊಸಿ ಬಸರಿ ಅದಾಳ, ಸೈಕಲ್ ಹೊಡ್ಯಾಕ ಬಿಡಬ್ಯಾಡ್ರಿ ಅಂತ ಹಮ್ಮಿಗಿ ಗದಿಗೆವ್ವ ಹೇಳ್ಯಾಳ." ಸಣ್ಣ ದನಿಲೆ ಹೇಳಪಾ ಅಂದೇನಿ. ಹೇಳಿರತಾನ.

ಬರಿ ಕೂಸ. ಒಂದು ಸಾಲು ಬರಿ.

ಆಯಿ


ಬೆಟಗೇರಿ
15 ಡಿಸೆಂಬರ್ 2024, ಐತವಾರ

ಆಯಿ,

ಈ ಕಾಗದ ಒಬ್ಬಾಕಿ ಕುಂತು ಓದು. ಅಂದಪ್ಪ ಮಾವಗ, ಮಮತಾ ಅತ್ತಿಗೆ ತೋರಿಸಬ್ಯಾಡ.

ನಾ ಬಸರಿ ಇಲ್ಲ.

ಇದ್ದೆ. ಶ್ರಾವಣದಾಗ ಗೊತ್ತಾತು. ಗೊತ್ತಾದ ದಿನದಿಂದ ಸೈಕಲ್ ಮುಟ್ಟಲಿಲ್ಲ. ನೆಲಾ ಒರಸಾಕ ಸೈತ ಶಿವಯೋಗಿ ಬಿಡಲಿಲ್ಲ. ಮೂರು ತಿಂಗಳಾಗಲಿ, ಆಮ್ಯಾಲ ಅತ್ತಿಗೆ, ನಿನಗ ಹೇಳೂಣು ಅಂತ ಕಾದಿವಿ. ಗಣಪತಿ ಹಬ್ಬ ಆದ ಮ್ಯಾಲ ಅತ್ತಿ ಲಕ್ಷ್ಮೇಶ್ವರಕ್ಕ ಅವರ ತಂಗಿ ಮನಿಗೆ ಹೋಗಿದ್ರು. ಆ ವಾರದಾಗ ಹೋತು ಆಯಿ. ದವಾಖಾನಿಗೆ ಹೋದಾಗ ಡಾಕ್ಟರಬಾಯಾರು, "ಇದರಾಗ ನಿಂದೇನೂ ತಪ್ಪಿಲ್ಲವಾ, ಹಿಂಗ ಆಗತೈತಿ, ಮುಂದ ಆಗತಾವ" ಅಂದ್ರು. ಅತ್ತಿ ಬರೂದ್ರಾಗ ನಾ ಎದ್ದು ಅಡಿಗಿ ಮಾಡಾಕ ಹತ್ತಿದ್ದೆ. ಯಾರಿಗೂ ಹೇಳಲಿಲ್ಲ. ಅದು ಬಂದಿದ್ದ ಯಾರಿಗೂ ಗೊತ್ತಿರಲಿಲ್ಲ, ಹೋಗಿದ್ದು ಯಾರಿಗೆ ಹೇಳೂದು?

ಸಂಗಪ್ಪಕಾಕಾ ಕೇಳತಾನ ಅಂತ ನೀ ಬರದಿದ್ದಿ. ಓದಿದ್ದೆ. "ಇಲ್ಲ" ಅಂತ ಒಂದು ಮಾತು, ಅದರಾಗೇನು ಅಂದುಕೊಂಡಿದ್ದೆ. ಗೆಳತ್ಯಾರಿಗೂ ಹೇಳಿ ನಗಿಸಿದ್ದೆ. ಆ ದಿನ ಎಷ್ಟು ಛಂದಿತ್ತು ಗೊತ್ತೇನು? ನೀರು ಅಲುಗತಿರಲಿಲ್ಲ. ನೀರುಕಾಗಿ ನಮ್ಮ ಜೋಡಿ ಜೋಡಿ ಹಾರಿ ಬರತಿದ್ವು. ನಾ ಎಲ್ಲಾರಗಿಂತ ಮುಂದಿದ್ದೆ. ಸೈಕಲ್ ದೋಣ್ಯಾಗಿಟ್ಟು, ನಕ್ಕೋತ ಕುಂತೆ. ಕಾಕಾ ಕೇಳಿದ್ರು. ಎಲ್ಲಾರೂ "ಇಲ್ಲ" ಅಂದ್ರು. ನಾ ಬಾಯಿ ತೆರದೆ. ಬರಲಿಲ್ಲ ಆಯಿ. ಆ ಮಾತು ನನ್ನ ಬಾಯಿಂದ ಬರಲಿಲ್ಲ. ಇಲ್ಲ ಅಂದ್ರ ಅದು ಖರೇನ ಹೋತು ಅಂತ ಆಗತಿತ್ತು. ಕಾಕಾ ನನ್ನ ಮಾರಿ ನೋಡಕೋತ ಕಾಯಾಕ ಹತ್ತಿದ್ರು. ಇಳದೆ. ನಿನ್ನ ಮನಿಗೆ ಬಂದ್ರ ನೀ ನನ್ನ ಮಾರಿ ನೋಡಿ ಓದತಿದ್ದಿ. ಅದಕ್ಕ ಬಸ್ಸಿಗೆ ಹೋದೆ.

ನಿನ್ನ ಕಾಗದ ಬಂದಾಗ ಉತ್ತರ ಬರೀಬೇಕಿತ್ತು. ಬರಿಯೂದು ಹರಿಯೂದು ಮಾಡಿದೆ. ನೀ ಅಷ್ಟು ಖುಷಿಯಾಗಿದ್ದಿ. ಅಷ್ಟ್ರಾಗ ಮೌನೇಶ ಬಂದ. ಬಾಗಲದಾಗ ನಿಂತು ಟಿಕೀಟು ಕೂಗೂ ದನಿಲೇ ಹೇಳಿದ. ಓಣ್ಯಾಗ ಮಗ್ಗದ ಸಪ್ಪಳದ ಮ್ಯಾಲೂ ಕೇಳಿಸಿತು. ಅತ್ತಿ ಚೀಲ ಇಸಕೊಂಡ್ರು. ನನ್ನ ಒಮ್ಮೆ ನೋಡಿದ್ರು. ಒಳಗ ಹೋಗಿ ಎಮ್ಮಿ ಕಟ್ಟೂ ಹಳೇ ಸರಪಳಿ ತಂದು, ನನ್ನ ಸೈಕಲ್ಲನ್ನ ಕಿಡಕಿ ಸಳಿಗೆ ಬಿಗದು ಬೀಗ ಹಾಕಿದ್ರು. ಕೀಲಿ ಅವರ ಸೊಂಟದಾಗೈತಿ. ಅವತ್ತಿನಿಂದ ಮುಂಜಾನೆ ಸಂಜಿಕ ಹಾಲಿನ ಲೋಟ ನನ್ನ ಮುಂದ ಇಟ್ಟು ಹೋಗತಾರ. ನಾ ಕುಡೀತೀನಿ. ಸುಳ್ಳು ಹಾಲು ಕುಡದಂಗ ಆಗತೈತಿ.

ಏನು ಹೇಳಲಿ? ಹೂಂ ಅಂದ್ರ ಸುಳ್ಳು. ಇಲ್ಲ ಅಂದ್ರ ಎಲ್ಲೆ ಹೋತು ಅಂತಾರ. ಸೈಕಲ್ಲಿನ ಮ್ಯಾಲ ಹಾಕತಾರ. ಮತ್ತೆಂದೂ ಆ ಸರಪಳಿ ಬಿಚ್ಚೂದಿಲ್ಲ.

ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಆ ಮಾದಲಿ ನನಗ ಉಣ್ಣಾಕ ಆಗಲಿಲ್ಲ.

ನೇತ್ರಾ


ಹಮ್ಮಿಗಿ
19 ಡಿಸೆಂಬರ್ 2024, ಗುರುವಾರ

ನನ್ನ ಕೂಸ,

ಕಾಗದ ಮುಟ್ಟಿತು. ದನದ ಕೊಟ್ಟಿಗ್ಯಾಗ ಕುಂತು ಓದಿದೆ.

ಹೊಟ್ಟಿ ತುಂಬ ಉಣ್ಣು. ನಾಳೆ ಮುಂಜಾನೆ ಬಸ್ಸಿಗೆ ಬರತೀನಿ. ಈ ಕಾಗದ ನನ್ನ ಹಿಂದಿಂದ ಬಂದು ಮುಟ್ಟತೈತಿ. ಮುಟ್ಟಲಿ.

ಆಯಿ


ಬೆಟಗೇರಿ
3 ಜನವರಿ 2025, ಶುಕ್ರವಾರ

ಆಯಿ,

ಆ ದಿನ ನಾ ಪ್ರೆಸ್ಸಿಗೆ ಹೋದ ಮ್ಯಾಲ ನೀ ಬಂದಿ, ನಾ ಬರೂದ್ರಾಗ ಹೋಗಿದ್ದಿ. ನನ್ನ ಮಾರಿ ಸೈತ ನೋಡಲಿಲ್ಲ. ಬಾಜೂ ಮನಿಯವರು ಹೇಳಿದ್ರು, "ನಿಮ್ಮ ಆಯಿ ಅಡಿಗಿಮನ್ಯಾಗ ಭಾಳ ಒದರ್ಯಾಡಿದ್ರು, ಆಮ್ಯಾಲ ಒಮ್ಮೆಲೇ ಗಪ್ಪಾದ್ರು" ಅಂತ. ಏನು ಒದರಿದ್ರು ಅಂದ್ರ, "ಮಗ್ಗದ ಸಪ್ಪಳದಾಗ ತಿಳೀಲಿಲ್ಲವಾ" ಅಂದ್ರು. ಆ ಮಗ್ಗಗಳಿಗೆ ಕೈ ಮುಗದೆ.

ಅತ್ತಿ ಅವತ್ತಿನಿಂದಲೂ ಏನೂ ಅಂದಿಲ್ಲ. ಹಾಲಿನ ಲೋಟ ನಿಂತಿಲ್ಲ. ಆದ್ರ ಹೊಸ ವರ್ಷದ ದಿನ ಮುಂಜಾನೆ ರೊಟ್ಟಿ ಬುಟ್ಟಿ ತೆರದ್ರ ರೊಟ್ಟಿ ಮ್ಯಾಲ ಕೀಲಿ ಇತ್ತು. ಬೀಗದ ಕೀಲಿ. ನಾ ಹೊಳ್ಳಿ ನೋಡಿದೆ. ಅವರು ಬೆನ್ನು ಮಾಡಿ ಭಾಂಡೆ ತಿಕ್ಕತಿದ್ರು. ನನಗ ಹೆದರಿಕಿ ಆಗಾಕ ಹತ್ತೇತಿ. ಇನ್ನೂ ಬೀಗ ತೆಗದಿಲ್ಲ.

ಏನು ಹೇಳಿದಿ ನೀ? ಅವರೇನು ಹೇಳಿದ್ರು?

ನೇತ್ರಾ


ಹಮ್ಮಿಗಿ
8 ಜನವರಿ 2025, ಬುಧವಾರ

ನೇತ್ರಾಗ ಆಶೀರ್ವಾದ.

ನಿನ್ನ ಮಾರಿ ನೋಡೂ ಧೈರ್ಯ ಇರಲಿಲ್ಲ, ಅದಕ್ಕ ಮಧ್ಯಾಹ್ನದ ಬಸ್ಸಿಗೇ ಹೊಂಟು ಬಂದೆ. ಈಗ ಕೇಳು.

ನಾ ಜಗಳಕ್ಕ ಸೆರಗು ಸಿಗಿಸಿಕೊಂಡೇ ಹೋಗಿದ್ದೆ. ಬೀಗತಿ ಏನೇನು ಅಂತಾಳ, ಅದಕ್ಕ ನಾ ಏನೇನು ಅನಬೇಕು ಅಂತ ಬಸ್ಸಿನ್ಯಾಗ ಎಲ್ಲಾ ಜೋಡಿಸಿಕೊಂಡಿದ್ದೆ. ಸೈಕಲ್ಲಿನ ಮ್ಯಾಲ ಹಾಕಿದ್ರ ಆಕಿ ಹಲ್ಲು ಕೈಗೆ ಕೊಡೂ ಮಾತೂ ಒಂದಿತ್ತು. ಅಡಿಗಿಮನ್ಯಾಗ ಕುಂತು ಸಣ್ಣ ದನಿಲೇ ಸುರು ಮಾಡಿದೆ. (ಸಣ್ಣದ ಇತ್ತು ಅಂತ ನನಗ ಅನಿಸಿತ್ತು.) "ಬೀಗತಿ, ಖಬರ್ ಸುಳ್ಳು. ತಪ್ಪು ನಂದು. ನನ್ನ ಕಿವಿ ಕಿವುಡು, ಕಣ್ಣೂ ಕುರುಡಾತು. ಆ ಹುಡುಗಿ ಗಣಪತಿ ಹಬ್ಬದಾಗ ಒಂದು ಕಳಕೊಂಡಾಳ, ಅದರಾಗ ಆಕಿದೇನೂ ಇಲ್ಲ, ಸೈಕಲ್ಲಿಂದೇನೂ ಇಲ್ಲ."

ಆಕಿ ಅಳಲಿಲ್ಲ, ಬೈಲಿಲ್ಲ. ಎದ್ದು ಒಳಗ ಹ್ವಾದ್ಲು. ಬಡಿಗಿ ತರತಾಳೇನು ಅಂದುಕೊಂಡೆ. ಕೌದಿ ತಂದ್ಲು. ಆಕಿ ಕೈಲೆ ಹೊಲದ ಕೌದಿ, ನಿಮ್ಮಿಬ್ಬರ ಹಾಸಿಗೀದು. ನನ್ನ ಮುಂದ ಹರವಿದ್ಲು. ನಡುವಿನ ಒಂದು ತುಣಕು ಒಗದದ್ದಕ್ಕ ಕೆಂಪು ಬಣ್ಣ ಬಿಟ್ಟು ಬಾಜೂದಕ್ಕ ಹತ್ತಿತ್ತು. ಅದರ ಮ್ಯಾಲ ಬಟ್ಟ ಇಟ್ಟು, ಆ ಬಟ್ಟ ಎತ್ತಿ ನನಗ ತೋರಿಸಿದ್ಲು. ಒಂದು. ಒಂದ ಕೌದಿ.

ನಾ ಆ ಕೌದಿ ಮುಟ್ಟಿ ನೋಡಿದೆ ನೇತ್ರಾ.

ಕೌದಿ ಒಗಿಯೂದು ವರ್ಷಕ್ಕೊಮ್ಮೆ. ದಸರಾ ಮುಂದ ಮನ್ಯಾಗಿನ ಎಲ್ಲಾ ಕೌದಿ ಗಂಟು ಕಟ್ಟಿ ಕೆರಿಗೋ ಹೊಳಿಗೋ ಒಯ್ದು ಬಡದು ಒಣಗಸತಾರ. ನಡುವ, ಒಂದೇ ಒಂದು ಕೌದಿ, ಮನ್ಯಾಗ ಯಾರೂ ಇಲ್ಲದಾಗ, ಯಾವ ಹೆಂಗಸು ಒಗೀತಾಳ? ಲಕ್ಷ್ಮೇಶ್ವರದಿಂದ ಬಂದ ದಿನಾನ ಮಾಳಿಗಿ ಮ್ಯಾಲ ಆ ಒಂದು ಕೌದಿ ಒಣಗೂದು ನೋಡ್ಯಾಳ ನಿಮ್ಮ ಅತ್ತಿ. ಅವತ್ತ ತಿಳಕೊಂಡಾಳ. ಮೂರು ತಿಂಗಳು ಹೊಟ್ಟ್ಯಾಗಿಟ್ಕೊಂಡಾಳ.

ನಾ ಆಕಿನ್ನ ಅಲುಗಿಸಿ ಕೇಳಿದೆ, ಮತ್ತ್ಯಾಕ ಆ ಹುಡುಗಿ ಕೂಡ ಮಾತಾಡಲಿಲ್ಲ? ಆಕಿ ನನ್ನ ಅಂಗೈ ಮ್ಯಾಲ ಬಟ್ಟಿಲೆ ಬರದ್ಲು. ನನಗಿಂತ ಒಂದೇತ್ತಾ ಹೆಚ್ಚು ಕಲತಾಳಂತ. "ಆಕಿ ಹೇಳಲಿ ಅಂತ ಕಾಯಾಕ ಹತ್ತಿದ್ದೆ." ಸರಪಳಿ ಯಾಕ ಹಾಕಿದಿ ಅಂದೆ. "ಇದು ಎರಡನೇದು ಅಂದುಕೊಂಡೆ. ಹೆದರಿದೆ." ಮೌನೇಶ ಬಂದು ಕೂಗಿದ ಮ್ಯಾಲ ಆಕಿ ಕೈಲೆ ಬೀಗ ಹತ್ತಾವಲ್ದಾಗಿತ್ತಂತ. ಇಷ್ಟು ಹೊತ್ತು ಒದರಿದಾಕಿ ನಾ ಅಲ್ಲೇ ಗಪ್ಪಾದೆ. ಇಬ್ಬರೂ ಆ ಕೌದಿ ಮಡಚಿದಿವಿ. ಆಕಿ ಆ ಕಡೆ, ನಾ ಈ ಕಡೆ.

ಅದಕ್ಕ ಕೀಲಿಗೆ ಹೆದರಬ್ಯಾಡ, ತೆಗಿ. ಮತ್ತ ಆ ಹಾಲು ಸುಳ್ಳು ಹಾಲಲ್ಲ. ಗಣಪತಿ ಹಬ್ಬದಾಗ ಕುಡೀಬೇಕಾಗಿದ್ದ ಹಾಲು, ಈಗ ಕುಡಿ.

ಇನ್ನ ಸಂಗಪ್ಪ. ನಿನ್ನೆ ದೋಣಿ ಕಡೆ ಹೋಗಿ ಅವನ ಹುಟ್ಟು ಕಸಗೊಂಡು ನಿಂತೆ. "ಆ ಮಾತು ಯಾಕ ಕೇಳತಿಯೋ?" ಅಂದೆ. ನಮ್ಮಪ್ಪ ಕೇಳತಿದ್ದ ಅಂತ ಸನ್ನಿ ಮಾಡಿದ. "ನಿಮ್ಮಪ್ಪ ಧೋತರ ಉಡತಿದ್ದ, ನೀ ಲುಂಗಿ ಉಟ್ಟಿ. ಅದಕ್ಕ ಯಾರನ್ನ ಕೇಳಿದಿ?" ಅಂದೆ. ಆಮ್ಯಾಲ ಕೂತು ಹೇಳಿದೆ. ನಿನ್ನ ಹೆಸರು ಹೇಳಲಿಲ್ಲ. ಒಂದು ಹೆಂಗಸಿಗೆ ಇದ್ದದ್ದು ಹೋಗಿದ್ರ ಆಕಿ ಏನಂತ ಹೇಳಬೇಕೋ ಅಂದೆ. ದಡ್ಡಲ್ಲ ಅಂವ. ಇನ್ನ ಮ್ಯಾಲ ಕೇಳೂದಿಲ್ಲಂತ. ದೋಣಿ ಬಿಡೂ ಮುಂದ ಆಚಿ ಕಡೆ ಮಾರಿ ಮಾಡಿ ಸ್ವಲ್ಪೊತ್ತು ನಿಲ್ಲತಾನಂತ. ಇಳಿಯಾಕಿ ಇಳಕೊಳ್ಳಲಿ.

ಅಮೀನಬಿಗೆ ಬಳಿ ತಿರಗಿ ಕೊಡಾಕ ಹೋದ್ರ ಮುಟ್ಟಲಿಲ್ಲ. "ಹಸರು ಬಳಿ ಹೊಳ್ಳಿ ತಗೋಬಾರದು. ಹೊಳಿಗೆ ಕೊಡು, ಹೊಳಿ ತೊಟ್ಕೊಳ್ಳಲಿ" ಅಂತ ಕೈ ಮಾಡಿದ್ಲು.

ಸಂಕ್ರಾಂತಿ ಆದ ಐತವಾರ ಬರ್ರಿ. ಆ ಚಡ್ಡಿ ಟೀಚರಬಾಯೂ ಬರಲಿ. ಬೀಗತಿಗೂ ಹೇಳೇನಿ, ಟೆಂಪೋದಾಗ ಸೈಕಲ್ಲಿನ ಸಂದ್ಯಾಗ ಕುಂತು ಬರತಾಳಂತ. ಸುತ್ತು ನೀವು ಹಾಕ್ರಿ. ದೋಣಿ ಮಾತ್ರ ನಾವೂ ಹತ್ತತೀವಿ.

ಆಯಿ


ಹಮ್ಮಿಗಿ
21 ಜನವರಿ 2025, ಮಂಗಳವಾರ

ನೇತ್ರಾ,

ಎಲ್ಲಾರೂ ಸುಕ್ಷೇಮ ಮುಟ್ಟಿರೀ ಅಂತ ಅಂದಪ್ಪ ಹೇಳಿದ. ನನ್ನ ಮೊಣಕಾಲು ಹಿಡಕೊಂಡಾವ. ಮೊನ್ನೆ ಹೊಳಿ ನಡುವ ಬಳಿ ಬಿಡೂವಾಗ ಬಗ್ಗಿದ್ದು. ಬೀಗತಿ ನನ್ನ ಸೆರಗು ಹಿಡಕೊಂಡಿರಲಿಲ್ಲಂದ್ರ ಬಳಿ ಜೋಡಿ ನಾನೂ ಹೋಗತಿದ್ದೆ. ನೀವು ಆಚಿ ದಂಡಿ ಹಿಡದು ಸೈಕಲ್ ಮ್ಯಾಲ ಹೋದ ಮ್ಯಾಲ ನಾವಿಬ್ಬರೂ ಮುದುಕ್ಯಾರು ನನ್ನ ತವರಿನ ದಂಡ್ಯಾಗ ಕುಂತು ಬುತ್ತಿ ಬಿಚ್ಚಿದಿವಿ. ನಮ್ಮವ್ವ ತಂಬಿಗಿ ಹಿಡಕೊಂಡು ನಿಲ್ಲತಿದ್ದ ಕಲ್ಲು ಇನ್ನೂ ಐತಿ. ಅದರ ಮ್ಯಾಲ ಬೀಗತಿನ್ನ ಕುಂಡ್ರಿಸಿದೆ.

ಖರೆ ಹೇಳಬೇಕಂದ್ರ ಸೈಕಲ್ ಛಂದ ಹೊಡೀತಿ. ಸೂರ್ಯಕಾಂತಿ ಹೊಲದ ಬಾಜೂಕ ನಿನ್ನ ಟೊಪ್ಪಿಗಿ ಭಾಳ ದೂರತನಕ ಕಾಣಿಸಿತು.

ಒಂದು ಮಾತು ನನಗ ನಿದ್ದಿ ಕೊಡವಲ್ದು. ದೋಣಿ ಬಿಡೂ ಮುಂದ ಸಂಗಪ್ಪ ಮಾತು ಉಳಿಸಿಕೊಂಡ. ಕೇಳಲಿಲ್ಲ. ಆಚಿ ಕಡೆ ಮಾರಿ ಮಾಡಿ ನಿಂತ. ಅವನ ತುಟಿ ಅಲುಗಲಿಲ್ಲ, ನಾ ನೋಡಿದೆ. ಆದ್ರ ನಿನ್ನ ತುಟಿ ಅಲುಗಿದ್ವು. ನೀ ಏನೋ ಅಂದಿ. ಸಂಗಪ್ಪ ಒಮ್ಮೆಲೇ ಹೊಳ್ಳಿ ನೋಡಿದ. ಟೀಚರಬಾಯಿ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. ಬೀಗತಿ ನಿನ್ನ ಸೈಕಲ್ಲಿನ ಹ್ಯಾಂಡಲ್ ಹಿಡಕೊಂಡು ಕುಂತಾಕಿ ಸೆರಗು ಮಾರಿ ಮ್ಯಾಲ ಎಳಕೊಂಡ್ಲು. ಎಲ್ಲಾರಿಗೂ ಕೇಳಿಸಿತು, ಈ ಕಿವುಡಿಗೆ ಒಬ್ಬಾಕಿಗೆ ಕೇಳಿಸಲಿಲ್ಲ. ಅಂದಪ್ಪನ್ನ ಕೇಳೂ ಮಾತಲ್ಲ. ಸಂಗಪ್ಪನ್ನ ಕೇಳಿದ್ರ, ಆಕೀನ್ನ ಕೇಳು ಅಂತ ಕೈ ಮಾಡತಾನ.

ಏನಂದಿ ಬರಿ.

ಆಯಿ


ಬೆಟಗೇರಿ
26 ಜನವರಿ 2025, ಐತವಾರ

ಆಯಿ,

ಏನಿಲ್ಲ. ಕಾಕಾ ಕೇಳದ ನಿಂತಿದ್ದು ನೋಡಿ, ನಾನ ಅಂದೆ:

"ಇಲ್ಲ ಕಾಕಾ. ಇತ್ತು, ಈಗ ಇಲ್ಲ. ದೋಣಿ ಬಿಡ್ರಿ."

ಬಿಟ್ರು.

ನೇತ್ರಾ